ಹಜರಾಬಿಯ ಗೋಣಿಚೀಲ

ಗಂಗೂಗೆ ಉಣಿಸುವುದೆಂದರೆ ಸಿದ್ದಕ್ಕನಿಗೆ ದಿನಕ್ಕೆರಡು ಕುಸ್ತಿ. ನಾಲ್ಕೂವರೆ ವರ್ಷದ ಆ ಹುಡುಗಿ ತುತ್ತನ್ನು ದವಡೆಗೆ ಒತ್ತರಿಸಿಟ್ಟುಕೊಂಡು ಬಾಗಿಲಾಚೆ ನೋಡುತ್ತ ಕೂತಳೆಂದರೆ ಸಾರು ಆರಬೇಕು, ಅನ್ನ ಒಣಗಬೇಕು, ತಾಯಿಯ ಸೊಂಟ ಬೀಳಬೇಕು. ಉಣ್ಣದಿದ್ದರೆ ಬಿಡಲಿ, ಹಸಿವಾದಾಗ ತಾನೇ ಕೇಳುತ್ತಾಳೆ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ತುತ್ತು ನುಂಗಿದ್ದೇ ತಡ ಅವಳು ಎದ್ದು ರಸ್ತೆಗೆ ಓಡುತ್ತಿದ್ದಳು. ಸಿದ್ದಕ್ಕನ ನಿಜವಾದ ಹೆದರಿಕೆ ಅದು.

ದಾಂಡೇಲಿಯ ಅಂಚಿನಲ್ಲಿ, ಹಳಿಯಾಳ ರಸ್ತೆಯ ಮಗ್ಗುಲಿಗೆ, ಎಂಟು ಬಾಡಿಗೆ ಮನೆಗಳ ಲೈನು. ಹೊಸ್ತಿಲಿಂದ ಹತ್ತು ಹೆಜ್ಜೆಗೆ ರಸ್ತೆ. ರಸ್ತೆಯ ತುಂಬ ಬಿದಿರು ಹೊತ್ತ ಲಾರಿಗಳು. ರಸ್ತೆಯಾಚೆ ಗುತ್ತಿಗೆದಾರ ಶಿವಲಿಂಗಪ್ಪನ ಬಿದಿರಿನ ಡಿಪೋ. ಹಿಂದಿನ ವರ್ಷ ಒಂದು ಲಾರಿ ಕೊನೆಯ ಮನೆಯವರ ಆಡನ್ನು ಅರೆದು ಹೋದದ್ದನ್ನು ಸಿದ್ದಕ್ಕ ಕಣ್ಣಾರೆ ಕಂಡಿದ್ದಳು. ಅವತ್ತಿನಿಂದ ಲಾರಿಯ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಮಗಳು ಎಲ್ಲಿದ್ದಾಳೆಂದು ನೋಡುತ್ತಿದ್ದಳು. ಗಂಡ ಪರಸಪ್ಪ ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವನು. ಮನೆಯಲ್ಲಿದ್ದಾಗ ಮಲಗಿರುತ್ತಿದ್ದ, ಎದ್ದಾಗ ಮನೆಯಲ್ಲಿರುತ್ತಿರಲಿಲ್ಲ. ಹುಡುಗಿಯನ್ನು ಕಾಯುವುದು ಒಂದೇ ಜೋಡಿ ಕಣ್ಣಿನ ಕೆಲಸವಾಗಿತ್ತು.

ಮಗ್ಗುಲ ಮನೆಯ ಮಹಾದೇವಕ್ಕ ಆರು ಹೆತ್ತವಳು. ಅವಳ ಬಳಿ ಎಲ್ಲದಕ್ಕೂ ಮದ್ದಿತ್ತು.

"ಯಾಕ ಇಷ್ಟ ಗೋಳಾಡ್ತಿ? ಹುಡುಗರಿಗೆ ಏನರ ಒಂದು ಅಂಜಿಕಿ ಇರಬೇಕು. ಹಜರಾಬಿ ಹೆಸರು ಹೇಳು. ಹೊಸ್ತಿಲ ದಾಟಿದ್ರ ಚೀಲದಾಗ ಹಾಕ್ಕೊಂಡ ಅಡವಿಗೆ ಒಯ್ತಾಳ ಅನ್ನು. ಗಪ್ಪನ ಕುಂದರತಾಳ ನೋಡು."

ಹಜರಾಬಿ ತೇರಗಾಂವದ ಆಚೆಯ ಕಾಡಂಚಿನ ಹಳ್ಳಿಯ ಸಿದ್ದಿ ಹೆಂಗಸು, ಹಿಂದೆಂದೋ ಆಫ್ರಿಕಾದಿಂದ ಬಂದು ಈ ಕಾಡಿನಲ್ಲಿ ನೆಲೆಸಿದ ಜನದವಳು. ಎಂಟು ದಿನಕ್ಕೊಮ್ಮೆ ಬೆಳಗಿನ ಬಸ್ಸಿಗೆ ಬಂದು, ತಲೆಯ ಮೇಲೆ ಗೋಣಿಚೀಲ ಹೊತ್ತು ಲೈನು ಲೈನು ತಿರುಗುತ್ತಿದ್ದಳು. ಚೀಲದಲ್ಲಿ ಸೀಗೆಕಾಯಿ, ಅಂಟುವಾಳ, ಮಳೆಗಾಲದ ಮುಂಚೆ ಸಾರಿನ ಹುಳಿಗೆಂದು ಒಂದಿಷ್ಟು ಒಣ ಮುರುಗಲ. ಎತ್ತರದ ಆಳು, ಮಸಿಯಂಥ ಬಣ್ಣ, ಹತ್ತು ಮನೆಗೆ ಕೇಳುವ ಗಂಟಲು. ಆ ಗಂಟಲಿನಿಂದ ಅವಳು ಕೂಗುತ್ತಿದ್ದುದು "ಸೀಗೀಕಾಯಿ ಬೇಕೇನ್ರಿ" ಎಂಬ ಎರಡು ಮಾತನ್ನು ಮಾತ್ರ. ಉಳಿದಂತೆ ಮೆತ್ತಗೆ ಮಾತಾಡುವವಳು. ಐದು ಮಕ್ಕಳನ್ನು ಹೆತ್ತು ಮೂವರನ್ನು ಉಳಿಸಿಕೊಂಡವಳು, ಕಂಡವರ ಮಕ್ಕಳಿಗೂ ಸೆರಗಿನ ಗಂಟಿನಿಂದ ಬೋರೆಹಣ್ಣು ಬಿಚ್ಚಿ ಕೊಡುವವಳು.

ಸಿದ್ದಕ್ಕನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಹೇಳಿದಳು. ಯಾಕೆಂದರೆ ಆ ಮಾತು ಅವಳ ಹೊಟ್ಟೆಯಲ್ಲಿ ಮೊದಲೇ ಇತ್ತು. ಅವಳ ತವರು ನವಲಗುಂದದ ಕಡೆಯ ಎರೆಭೂಮಿ. ಅಲ್ಲಿ ಅಂಗಳದಲ್ಲಿ ನಿಂತರೆ ಮುಂದಿನ ಊರಿನ ಒಲೆಯ ಹೊಗೆ ಕಾಣುತ್ತದೆ. ಹೆದರಬೇಕೆಂದರೂ ಮರೆಯಲ್ಲಿ ಅಡಗುವುದಕ್ಕೆ ಏನೂ ಇಲ್ಲ. ಮದುವೆಯಾಗಿ ಬಂದ ಮೊದಲ ದಿನ ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಸಿದ್ದಿ ಗಂಡಸರನ್ನು ಕಂಡು ಅವಳು ಗಂಡನ ಬೆನ್ನ ಹಿಂದೆ ಸರಿದಿದ್ದಳು. ಪರಸಪ್ಪ ನಕ್ಕಿದ್ದ. "ಸಿದ್ದಿ ಮಂದಿ ಅವರು. ಇಲ್ಲೇದವರ. ನಾವ ಹೊಸಬರು, ಅವರು ನಮ್ಮನ್ನ ನೋಡಿ ಅಂಜಬೇಕು," ಎಂದಿದ್ದ. ಆಮೇಲೆ ಆರು ವರ್ಷ ಕಳೆದವು. ಅವರ ಕೈಯಿಂದ ಸೀಗೆಕಾಯಿ ಕೊಂಡಳು, ನೀರು ಕೊಟ್ಟಳು, ಹೆದರಿಕೆ ಹೋಯಿತೆಂದೇ ತಿಳಿದಿದ್ದಳು. ಹೋಗಿರಲಿಲ್ಲ. ತಾನು ಇಟ್ಟುಕೊಳ್ಳಲು ನಾಚಿದ್ದನ್ನು ಮಗಳಿಗೆ ತಿನ್ನಿಸಿದಳು, ಅಷ್ಟೆ.

ಮದ್ದು ಹತ್ತಿತು. ಹಜರಾಬಿ ಎಂಬ ಹೆಸರು ಬಂದರೆ ಗಂಗೂ ಗಬಗಬ ನುಂಗುತ್ತಿದ್ದಳು. ಹೊಸ್ತಿಲ ಕಡೆ ಹೋಗುವುದನ್ನೇ ಬಿಟ್ಟಳು. ಕೈಗೆ ಬಂದ ಅಸ್ತ್ರವನ್ನು ಯಾರು ಕೆಳಗಿಡುತ್ತಾರೆ? ಸ್ನಾನಕ್ಕೆ ಹಜರಾಬಿ, ನಿದ್ದೆಗೆ ಹಜರಾಬಿ, ಜಡೆ ಹಾಕಿಸಿಕೊಳ್ಳದಿದ್ದರೆ ಹಜರಾಬಿ. ಒಂದು ದಿನವಂತೂ ಆಕೆ ನಿಜಕ್ಕೂ ಬಾಗಿಲಿಗೆ ಬಂದಾಗಲೇ ಸಿದ್ದಕ್ಕ ತಟ್ಟೆ ಹಿಡಿದು ಕೂಗಿದ್ದಳು. "ಏ ಹಜರಾಬೀ, ಬಾ, ಇಕಿ ಉಣ್ಣವಲ್ಲಳು. ಒಯ್ಯಿ ಇಕಿನ್ನ!"

ಹಜರಾಬಿ ನಗಲಿಲ್ಲ. ಚೀಲ ಇಳಿಸಿದಳು.

"ಹಂಗ ಅನಬ್ಯಾಡ ಅಕ್ಕಾ. ಕೂಸು ಖರೇ ಅಂತ ತಿಳಕೋತಾವ."

"ಅಯ್ಯ, ಚೇಷ್ಟಿಗೆ ಅಂದೆ ಬಿಡು," ಎಂದು ಸಿದ್ದಕ್ಕ ಅರ್ಧ ಸೇರು ಸೀಗೆಕಾಯಿ ಅಳೆಸಿಕೊಂಡು ಒಳಗೆ ಹೋದಳು. ಒಳಗೆ ಹುಡುಗಿ ಬಾಯಿ ತೆರೆದು ಕೂತಿದ್ದಳು, ತುತ್ತು ಇಡಲಿ ಎಂದು. ಕಣ್ಣು ಮಾತ್ರ ಬಾಗಿಲ ಮೇಲಿತ್ತು.

ಅದಾದ ಮೇಲೆ ಗಂಗೂ ಹಾಸಿಗೆ ಒದ್ದೆ ಮಾಡತೊಡಗಿದಳು. ಬಚ್ಚಲಿಗೆ ಒಬ್ಬಳೇ ಹೋಗುತ್ತಿರಲಿಲ್ಲ. ತಾಯಿ ಸೆರಗು ಬಿಡಿಸಿಕೊಂಡರೆ ಕಿರುಚುತ್ತಿದ್ದಳು. ಗಾಳಿ ಸೋಕಿರಬೇಕೆಂದು ಸಿದ್ದಕ್ಕ ತಾಯಿತ ಕಟ್ಟಿಸಿದಳು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಗಾಳಿ ತನ್ನ ಬಾಯಿಯಿಂದಲೇ ಬೀಸುತ್ತಿದೆ ಎಂದು ಅವಳ ತಲೆಗೆ ಹೊಳೆಯಲಿಲ್ಲ.

ಎಪ್ಪತ್ತೊಂಬತ್ತರ ಬೇಸಿಗೆ. ಅವತ್ತು ಮಧ್ಯಾಹ್ನ ಸಿದ್ದಕ್ಕ ಲೈನಿನ ಹಿಂದಿನ ನಳದಲ್ಲಿ ನೀರು ಹಿಡಿಯುತ್ತಿದ್ದಳು. ಗಂಗೂ ನಡುಮನೆಯಲ್ಲಿ ಮಲಗಿದ್ದಳು. ಎರಡನೆಯ ಕೊಡ ತುಂಬಿರಲಿಲ್ಲ, ಹಜರಾಬಿ ಮನೆಯ ಮುಂದಿನಿಂದ ಸುತ್ತಿಕೊಂಡು ಏದುಸಿರು ಬಿಡುತ್ತ ಬಂದಳು.

"ಅಕ್ಕಾ, ನಿನ್ನ ಹುಡುಗಿ ಎದ್ದು ನಿನ್ನ ಹುಡಕ್ಕೋತ ಅಂಗಳಕ್ಕ ಬಂದಿದ್ಳು, ನನ್ನ ನೋಡಿ ಕಿಟಾರನೆ ಚೀರಿ ಓಡಿದ್ಳು. ನಾ ನಿಂದ್ರ ನಿಂದ್ರ ಅಂದಷ್ಟೂ ಓಡಿದ್ಳು. ರಸ್ತಾ ದಾಟಿ ಹೋಗ್ಯಾಳ."

ಕೊಡ ಕೈಯಿಂದ ಜಾರಿತು. ಸಿದ್ದಕ್ಕ ಮನೆಯೊಳಗೆ ಓಡಿದಳು, ಚಾಪೆ ಖಾಲಿ. ಅಂಗಳಕ್ಕೆ ಬಂದಳು, ರಸ್ತೆಯ ಮೇಲೆ ಧೂಳಿತ್ತು, ಮಗಳಿರಲಿಲ್ಲ. ಹೊಸ್ತಿಲ ಬಳಿ ಹಜರಾಬಿಯ ಚೀಲ ಉಬ್ಬಿಕೊಂಡು ಕೂತಿತ್ತು. ಆಗ ಅವಳು ಮಾಡಿದ್ದನ್ನು ಅವಳು ಸಾಯುವತನಕ ಮರೆಯಲಾರಳು. ಅವಳು ಬಗ್ಗಿ ಆ ಚೀಲದ ಬಾಯಿ ಬಿಚ್ಚಿದಳು. ಎರಡೂ ಕೈ ಒಳಗೆ ಹಾಕಿ ತಳದತನಕ ಹುಡುಕಿದಳು. ಸೀಗೆಕಾಯಿ ಗಲಗಲ ಎಂದು ನೆಲದ ಮೇಲೆ ಚೆಲ್ಲಿತು.

ತಲೆಯೆತ್ತಿದಾಗ ಹಜರಾಬಿ ಎದುರಿಗೆ ನಿಂತು ನೋಡುತ್ತಿದ್ದಳು. ಸಿದ್ದಕ್ಕನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

"ಅದರಾಗಿಲ್ಲ ಆಕಿ," ಎಂದಳು ಹಜರಾಬಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಡಿಪೋದಾಗ ಹೊಕ್ಕಾಳ. ಬಾ ಲಗೂನ."

ಡಿಪೋದ ಕಾವಲುಗಾರ ದುರ್ಗಪ್ಪ ಆಗಲೇ ಬಿದಿರಿನ ಒಟ್ಟಿಲುಗಳ ನಡುವೆ ಬಗ್ಗಿ ಬಗ್ಗಿ ನೋಡುತ್ತಿದ್ದ. ಮನೆಯೆತ್ತರದ ಒಟ್ಟಿಲುಗಳು ಹತ್ತೋ ಹನ್ನೆರಡೋ ಇದ್ದವು. ಮೂರನೆಯದರ ಬುಡದಲ್ಲಿ, ಮೊಳದಷ್ಟು ಎತ್ತರದ ಇಕ್ಕಟ್ಟಾದ ಸಂದಿನೊಳಗಿನಿಂದ ಸಣ್ಣಗೆ ಗೆಜ್ಜೆಯ ಸದ್ದು ಬಂತು. ಸಿದ್ದಕ್ಕ ನೆಲಕ್ಕೆ ಬಿದ್ದು ಒಳಗೆ ಇಣುಕಿದಳು. ದೂರದಲ್ಲಿ, ಕತ್ತಲಲ್ಲಿ, ಮಗಳ ಕೆಂಪು ಲಂಗದ ತುದಿ. ಜೀವ ಮರಳಿ ಬಂದಂತಾಯಿತು.

ಆ ಸಮಾಧಾನ ಮೂರು ಉಸಿರಿನಷ್ಟು ಹೊತ್ತೂ ಉಳಿಯಲಿಲ್ಲ.

"ಅವ್ವಾ, ಮ್ಯಾಲೆ ನೋಡ್ರಿ," ಎಂದ ದುರ್ಗಪ್ಪ. "ಮುಂಜಾನೆ ಲಾರಿ ಹಿಂದಕ ತಗೊಳ್ಳೂವಾಗ ಒಟ್ಟಿಲಕ್ಕ ಕೊಟ್ಟ ಊರುಗೋಲಿಗೆ ಬಡದೈತಿ. ಗೋಲು ಮುರದೈತಿ. ಇಡೀ ಒಟ್ಟಿಲ ವಾಲೇತಿ. ಮಂದಿ ಕರಸಿ ಇಳಸಬೇಕು ಅಂತ ಕುಂತಿದ್ದೆ."

ಬಿದಿರು ಮೇಲಿನಿಂದ ಕಿರ್ರ್ ಎಂದಿತು. ಮೇಲಿನಿಂದ ಇಳಿಸುತ್ತ ಬಂದರೆ ಸಂಜೆಯಾಗುತ್ತದೆ. ಬುಡದ ಒಂದು ಗಳ ಎಳೆದರೆ ಎಲ್ಲ ಕೆಳಗೆ. ಅವಳು ಸಂದಿನೊಳಗೆ ತಲೆ ತೂರಿಸಿದಳು, ಹೆಗಲು ಸಿಕ್ಕಿಕೊಂಡಿತು. ಬಿದಿರಿನ ಸೀಳು ತಾಗಿ ತೋಳು ಹರಿಯಿತು. ಮಗು ನುಸುಳಿದ ಜಾಗದಲ್ಲಿ ಮಗುವೇ ನುಸುಳಬೇಕು.

ಲಾರಿ ತುಂಬುವ ಜೇವಿಯರ್ ಎಲ್ಲಿಂದಲೋ ಓಡಿ ಬಂದ. ಅವನೂ ಸಿದ್ದಿ, ಹೆಣ್ಣುಮಕ್ಕಳ ತಂದೆ. ನೆಲಕ್ಕೆ ಮಲಗಿ, ತನಗೆ ಬರುವ ಎಲ್ಲ ಮುದ್ದನ್ನೂ ದನಿಗೆ ತಂದು ಕರೆದ. "ಬಾ ಪುಟ್ಟಿ, ಬಾ. ಕೈ ಹಿಡಿ, ಬಾ."

ಒಳಗಿನಿಂದ ಸಿದ್ದಕ್ಕ ಎಂದೂ ಕೇಳಿರದ ಒಂದು ಕಿರುಚು ಬಂತು. ಲಂಗದ ತುದಿ ಇನ್ನೂ ಒಳಕ್ಕೆ ಸರಿಯಿತು. ಬಿದಿರು ಮತ್ತೊಮ್ಮೆ ನರಳಿತು. ಜೇವಿಯರ್ ಏನೂ ತಿಳಿಯದೆ ತನ್ನ ಕೈಯನ್ನೇ ನೋಡಿಕೊಂಡ.

"ನೀವೆಲ್ಲಾ ಆಕಡೆ ಹೋಗ್ರಿ, ಕಾಲ ಬೀಳ್ತೇನಿ," ಎಂದಳು ಸಿದ್ದಕ್ಕ. ಅವರು ದೂರ ಸರಿದರು. ಅವಳು ಸಂದಿಗೆ ಬಾಯಿ ಹಚ್ಚಿದಳು. "ಗಂಗೂ, ನಾ ಅದೇನಿ, ನಿಮ್ಮವ್ವ. ಎಲ್ಲಾರೂ ಹೋದ್ರು. ಬಾ ನನ್ನ ಬಂಗಾರ."

ಲಂಗದ ತುದಿ ಅಲುಗಲಿಲ್ಲ.

"ಹಜರಾಬಿ ಊರಿಗೆ ಹೋದ್ಳು. ಖರೇನ ಹೋದ್ಳು. ಬಾ."

"ನೀ ಸುಳ್ಳ ಹೇಳ್ತಿ." ಒಳಗಿನಿಂದ ದನಿ ತೆಳ್ಳಗೆ ಬಂತು. "ಆಕಿ ಅಲ್ಲೇ ಅದಾಳ. ಆಕಿನ್ನ ಕರಿಯಾಕಿ ನೀನ. ನನ್ನ ಆಕೀಗೆ ಕೊಡ್ತಿ."

ಬೈದಿದ್ದರೆ, ಅತ್ತಿದ್ದರೆ ಸಿದ್ದಕ್ಕ ತಡೆದುಕೊಳ್ಳುತ್ತಿದ್ದಳೇನೋ. ಹುಡುಗಿ ಲೆಕ್ಕ ಒಪ್ಪಿಸಿದಷ್ಟು ನಿಶ್ಚಿತವಾಗಿ ಹೇಳಿದ್ದಳು. ಊಟಕ್ಕೆ ಕೂತಾಗಲೆಲ್ಲ ಕೇಳಿದ ಮಾತು ಅದು. ಮಗು ಒಂದಕ್ಷರ ತಪ್ಪದೆ ನಂಬಿತ್ತು. ಹೊರಗೆ ಗೋಣಿಚೀಲದವಳು, ಅವಳನ್ನು ಕರೆಯುವ ತಾಯಿ. ಒಳಗೆ ಬಿದಿರು. ಹಾಗಿದ್ದ ಮೇಲೆ ಮಗು ಬಿದಿರನ್ನೇ ನಂಬಿದ್ದರಲ್ಲಿ ಏನು ತಪ್ಪು?

ಸಿದ್ದಕ್ಕ ತಲೆ ಹೊರಗೆಳೆದು ನೆಲದ ಮೇಲೆ ಕೂತಳು. ಎದೆ ಎದೆ ಬಡಿದುಕೊಂಡಳು. ಹಜರಾಬಿ ಹತ್ತು ಮಾರು ದೂರದಲ್ಲಿ ನಿಂತಿದ್ದಳು. ಸಿದ್ದಕ್ಕ ಮೊಣಕಾಲ ಮೇಲೆ ತೆವಳಿದಂತೆ ಅವಳ ಬಳಿ ಹೋದಳು.

"ನಾನ ಹೇಳಿದ್ದೆ," ಎಂದಳು. "ಉಣ್ಣಲಿಲ್ಲಂದ್ರ ನೀ ಒಯ್ತಿ ಅಂತ. ದಿನಾ ಹೇಳಿದ್ದೆ. ಮಲಗಲಿಲ್ಲಂದ್ರ ನೀ ಬರ್ತಿ ಅಂತ. ನನ್ನ ಮಾತಿಗೂ ಬರವಲ್ಲಳು ಆಕಿ. ನನ್ನ ಬಾಯಾಗ ಹುಳ ಬೀಳಲಿ. ಏನ ಮಾಡ್ಲಿ ಹಜರಾಬೀ? ನನ್ನ ಕೂಸು ಸಾಯತೈತಿ."

ಹಜರಾಬಿ ಅವಳ ಮಾತನ್ನು ಪೂರಾ ಕೇಳಿದಳು. ಒಟ್ಟಿಲನ್ನು ಬುಡದಿಂದ ತುದಿಯತನಕ ನೋಡಿದಳು. ಆಮೇಲೆ ದುರ್ಗಪ್ಪನನ್ನು ಕೇಳಿದಳು.

"ಈ ಸಂದಿ ಆಕಡೆ ಎಲ್ಲಿ ಬಿಡತೈತಿ?"

"ಹಿಂದ, ಹಳ್ಳದ ಕಡೆ. ಅಲ್ಲೆ ಇನ್ನೂ ಸಣ್ಣದೈತಿ. ನಿನ್ನ ತಲಿ ಅಷ್ಟ ಹಿಡದೀತು."

"ತಲಿ ಹಿಡದ್ರ ಸಾಕು." ಹಜರಾಬಿ ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. "ನೀ ಈ ಬಾಯಿಗೆ ಕುಂದರ ಅಕ್ಕಾ. ಕರಿಬ್ಯಾಡ. ಕೈ ಅಷ್ಟ ಚಾಚಿ ಹಿಡಿ. ಆಕಡಿಂದ ನಾ ಹೋಗ್ತೇನಿ."

ಸಿದ್ದಕ್ಕನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದಾಗ ಅವಳ ಕೈ ಹಿಡಿದಳು. "ಬ್ಯಾಡ! ನಿನ್ನ ಕಂಡ್ರ ಅಂಜಿಕಿಗೇ ಎದಿ ಒಡಕೋತಾಳ!"

"ಅಂಜಿದ್ರ ಓಡ್ತಾಳ. ಓಡಾಕ ನಿನ್ನ ಕಡೀಗಷ್ಟ ದಾರಿ ಐತಿ." ಹಜರಾಬಿ ಎರಡು ಹೆಜ್ಜೆ ಹೋಗಿ ತಿರುಗಿದಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ನೀ ನನ್ನ ಏನ ಮಾಡಿ ಇಟ್ಟಿಯಲ್ಲ, ಇವತ್ತೊಂದ ದಿನ ಅದನ್ನ ಆಗ್ತೇನಿ. ಬ್ಯಾರೆ ಯಾವ ದಾರಿ ಉಳಿಸಿದಿ ನೀ?"

ಸಿದ್ದಕ್ಕ ಸಂದಿನ ಬಾಯಿಗೆ ಹೊಟ್ಟೆ ಹಚ್ಚಿ ಮಲಗಿ ಎರಡೂ ಕೈ ಒಳಗೆ ಚಾಚಿದಳು. ಬಾಯಿಗೆ ಸೆರಗು ತುರುಕಿಕೊಂಡಳು, ಅಪ್ಪಿತಪ್ಪಿ ಕರೆದುಬಿಡಬಾರದೆಂದು. ಹಿಂದಿನ ಬದಿಯಲ್ಲಿ ಎಲೆಗಳು ಸರಸರ ಎಂದವು. ಸುರಂಗದ ಆಚೆ ತುದಿಯ ಬೆಳಕು ಮುಚ್ಚಿತು. ಆಮೇಲೆ ಆ ಗಂಟಲು ಬಂತು. ಹತ್ತು ಮನೆಗೆ ಕೇಳುವ, ಸೀಗೆಕಾಯಿ ಮಾರುವ ಆ ಗಂಟಲು.

"ಬಂದೆ! ಚೀಲ ತಂದೇನಿ! ಎಲ್ಲಿ ಅದಿ ಗಂಗೂ? ಒಯ್ತೇನಿ ನಿನ್ನ!"

ಬಿದಿರಿನೊಳಗೆ ಆ ಕೂಗು ತಿರುಗಿ ತಿರುಗಿ ಮೊಳಗಿತು. ತಾನೇ ಕಟ್ಟಿದ ಮಾತು ಅದು. ಆದರೂ ಸಿದ್ದಕ್ಕನ ಮೈಯ ಕೂದಲು ನೆಟ್ಟಗಾದವು. ಐವತ್ತರ ಹತ್ತಿರದ ಒಬ್ಬ ತಾಯಿ ಹಳ್ಳದ ಕೆಸರಿನಲ್ಲಿ ಮಲಗಿ, ಪರರ ಮಗುವಿಗಾಗಿ, ತನ್ನನ್ನು ತಾನೇ ರಾಕ್ಷಸಿ ಮಾಡಿಕೊಂಡು ಕೂಗುತ್ತಿದ್ದಳು. ಗೆಜ್ಜೆ ಝಲ್ಲೆಂದಿತು. ಪುಟ್ಟ ಉಗುರುಗಳು ಸಿದ್ದಕ್ಕನ ಅಂಗೈಗೆ ನಾಟಿದವು. ಅವಳು ಎಳೆದಳು. ಜೇವಿಯರ್ ಅವಳ ಕಾಲು ಹಿಡಿದು ಇಬ್ಬರನ್ನೂ ಒಟ್ಟಿಗೆ ಎಳೆದ. ಮಗಳು ಎದೆಗೆ ಬಂದು ಬಿದ್ದಳು, ಉಚ್ಚೆಯಲ್ಲಿ ತೊಯ್ದು, ಕಣ್ಣು ಮೇಲೆ ಸಿಕ್ಕಿಸಿಕೊಂಡು.

ಆಗ ಒಟ್ಟಿಲು ಕುಸಿಯಿತು. ಹಳ್ಳದ ಕಡೆಗೆ ಕುಸಿಯಿತು.

ದುರ್ಗಪ್ಪ, ಜೇವಿಯರ್ ಇಬ್ಬರೂ ಆ ಕಡೆ ಓಡಿದರು. "ಹಜರಾಬಿ! ಹಜರಾಬಿ!" ಎಂದು ಗಂಡಸರು ಕೂಗುವುದು ಕೇಳಿತು. ಸಿದ್ದಕ್ಕ ಹೋಗಲಿಲ್ಲ. ಮಗಳನ್ನು ಅಪ್ಪಿಕೊಂಡು ಮನೆಯ ಕಡೆ ಓಡಿದಳು, ಹಿಂದಕ್ಕೆ ತಿರುಗಿಯೂ ನೋಡಲಿಲ್ಲ. ಹೊಸ್ತಿಲ ಬಳಿ ಚೆಲ್ಲಿದ ಸೀಗೆಕಾಯಿಯನ್ನು ತುಳಿದುಕೊಂಡೇ ಒಳಗೆ ಹೋದಳು.

ಹಜರಾಬಿ ಬದುಕಿದಳು. ತಲೆ ಹೊರಗೆಳೆದುಕೊಂಡು ಏಳುವಷ್ಟರಲ್ಲಿ ಬಿದಿರು ಉರುಳಿ ಎಡಗಾಲಿನ ಮೇಲೆ ಬಿದ್ದಿತ್ತು. ಪಾದದ ಎಲುಬು ಎರಡು ಕಡೆ ಮುರಿದಿತ್ತು. ಡಿಪೋದವರು ಪ್ಲಾಸ್ಟರ್ ಹಾಕಿಸಿ, ಚೀಲವನ್ನೂ ಕೊಟ್ಟು ಊರಿಗೆ ಕಳಿಸಿದರೆಂದು ಪರಸಪ್ಪ ಸುದ್ದಿ ತಂದ. "ನೋಡಿ ಬರೂಣು ನಡಿ," ಎಂದ. ಸಿದ್ದಕ್ಕನಿಗೆ ಅಷ್ಟು ದೂರ ಹೋಗಲು ಆಗಲಿಲ್ಲ. ಗಂಗೂ ಮಂಚದ ಕೆಳಗಿನಿಂದ ಹೊರಗೆ ಬರುತ್ತಿರಲಿಲ್ಲ. ಅಲ್ಲೇ ಊಟ, ಅಲ್ಲೇ ನಿದ್ದೆ. ಮಾತು ನಿಂತೇಹೋಗಿತ್ತು. ಕಾರ್ಖಾನೆಯ ಭೋಂಗಾ ಕೂಗಿದರೂ ಕಿವಿ ಮುಚ್ಚಿಕೊಂಡು ನಡುಗುತ್ತಿದ್ದಳು.

"ನಾ ಸುಳ್ಳ ಹೇಳಿದ್ದೆ ಗಂಗೂ. ಆಕಿ ಯಾರನ್ನೂ ಒಯ್ಯೂದಿಲ್ಲ. ನಿನ್ನ ಉಳಿಸಾಕ ಹಂಗ ಕೂಗಿದ್ಳು," ಎಂದು ಸಿದ್ದಕ್ಕ ಮಂಚದ ಕೆಳಗೆ ಬಗ್ಗಿ ದಿನಕ್ಕೆ ಹತ್ತು ಸಲ ಹೇಳಿದಳು. ಹುಡುಗಿ ರೆಪ್ಪೆ ಬಡಿಯದೆ ಕೇಳಿಸಿಕೊಳ್ಳುತ್ತಿದ್ದಳು. ನಂಬಲು ಅವಳಿಗೆ ಯಾವ ಕಾರಣವೂ ಇರಲಿಲ್ಲ. ಒಯ್ಯುತ್ತಾಳೆ ಎಂದದ್ದೂ ಇದೇ ಬಾಯಿ, ಒಯ್ಯುವುದಿಲ್ಲ ಎನ್ನುತ್ತಿರುವುದೂ ಇದೇ ಬಾಯಿ. ಆ ಎರಡರಲ್ಲಿ ಒಂದನ್ನು ಅವಳು ತನ್ನ ಕಿವಿಯಿಂದಲೇ ಖಾತ್ರಿ ಮಾಡಿಕೊಂಡಿದ್ದಳು.

ಲೈನಿನಲ್ಲಂತೂ ಕತೆಗೆ ರೆಕ್ಕೆ ಬಂದಿತ್ತು. ಹಜರಾಬಿ ಚೀಲ ತಂದು ಗಂಗೂನನ್ನು ಒಯ್ಯಲು ಬಂದಿದ್ದಳು, ಬಿದಿರು ಬಿದ್ದು ಕಾಲು ಮುರಿಯಿತು, ಇಲ್ಲದಿದ್ದರೆ ಒಯ್ದೇ ಬಿಡುತ್ತಿದ್ದಳು. ಎಂಟೂ ಮನೆಯ ಹುಡುಗರು ಈಗ ತಟ್ಟೆ ನೆಕ್ಕಿ ಉಣ್ಣುತ್ತಿದ್ದರು. ಸಿದ್ದಕ್ಕ ಮನೆಮನೆಗೆ ಹೋಗಿ ನಡೆದದ್ದು ಹೇಳಿದಳು. ಹೆಂಗಸರು ಹೌದೇ, ಪಾಪ, ಎಂದರು. ಮಹಾದೇವಕ್ಕ ನಕ್ಕಳು.

"ಇರಲಿ ಬಿಡ, ಹುಡುಗರಿಗೆ ಹೇಳಬ್ಯಾಡ. ನಿನ್ನಿಂದ ನಮಗೆಲ್ಲಾ ಪುಣ್ಯ ಬಂತು. ನಮ್ಮ ಶೇಖಪ್ಪ ಈಗ ಎರಡ ರೊಟ್ಟಿ ತಿಂತಾನ."

ಮಳೆ ಹಿಡಿಯುವ ಮುಂಚೆ ಹಜರಾಬಿ ಮತ್ತೆ ಬಂದಳು. ಬರದೆ ಅವಳ ಒಲೆ ಉರಿಯುವುದಿಲ್ಲ. ಕೈಯಲ್ಲಿ ಕೋಲು, ತಲೆಯ ಮೇಲೆ ಅದೇ ಚೀಲ, ಎಡಗಾಲು ಎಳೆದುಕೊಂಡು. "ಬಂದ್ಳು! ಬಂದ್ಳು!" ಎಂದು ಹುಡುಗರು ಚೀರಿ ಚದುರಿದರು. ಒಳಗೆ ಕೂಸುಗಳು ಹೌಹಾರಿ ಅಳತೊಡಗಿದವು. ಹೆಂಗಸರು ಬಾಗಿಲ ಸಂದಿಯಿಂದಲೇ, "ಇವತ್ತ ಬ್ಯಾಡವ್ವಾ, ಹುಡುಗರು ಅಂಜತಾವ, ಮುಂದ ಹೋಗು," ಎಂದರು. ಎಂಟು ಬಾಗಿಲಲ್ಲಿ ಏಳು ಮುಚ್ಚಿದವು. ಹಜರಾಬಿ ನಳದ ಕಟ್ಟೆಯ ಮೇಲೆ ಕೂತು, ಚೀಲ ಪಕ್ಕಕ್ಕಿಟ್ಟು, ಕಾಲು ನೀವಿಕೊಂಡಳು.

ಸಿದ್ದಕ್ಕ ಹೋಗಿ ಅವಳ ಮುಂದೆ ನಿಂತಳು.

"ಒಳಗ ಬರ್ರಿ," ಎಂದಳು. ಆರು ವರ್ಷದಲ್ಲಿ ಅವಳು ಹಜರಾಬಿಗೆ 'ಬರ್ರಿ' ಎಂದದ್ದು ಅದೇ ಮೊದಲು.

"ಬ್ಯಾಡ ಅಕ್ಕಾ. ಕೂಸು..."

"ಕೂಸಿನ ಸಲುವಾಗೇ ಬರ್ರಿ. ಆಕಿ ಸಾಯಾಕ ಹತ್ಯಾಳ ಹೆದರಿಕಿಗೆ. ನನಗ ಇನ್ನ ಏನೂ ತಿಳೀವಲ್ದು."

ಹಜರಾಬಿ ಹೊಸ್ತಿಲ ಒಳಗೆ ಒಂದು ಕಾಲಿಟ್ಟು ನಿಂತಳು. ಮಂಚದ ಕೆಳಗೆ ಹುಡುಗಿ ಗೋಡೆಗೆ ಅಂಟಿಕೊಂಡ ಸದ್ದು ಕೇಳಿತು. ಸಿದ್ದಕ್ಕ ಚೀಲ ಎಳೆದು ತಂದು ನಡುಮನೆಯಲ್ಲಿ ಸುರಿದಳು.

"ನೋಡ ಗಂಗೂ. ಸೀಗೀಕಾಯಿ. ಬರೇ ಸೀಗೀಕಾಯಿ. ಹುಡುಗರಿಲ್ಲ ಇದರಾಗ, ನೋಡ."

ಎರಡು ಕಣ್ಣು ಕತ್ತಲಲ್ಲಿ ಮಿನುಗಿದವು. ಅಷ್ಟೆ.

"ಹೊಳ್ಳಿ ಹಾಕೇನಿ ನೋಡ. ಖಾಲಿ. ಬಾ, ಮುಟ್ಟಿ ನೋಡ."

ಇಲ್ಲ. ಹುಡುಗಿಯ ಲೆಕ್ಕದಲ್ಲಿ ಚೀಲ ಖಾಲಿ ಇರುವುದೇ ಅಪಾಯ. ಸಿದ್ದಕ್ಕನ ತಾಳ್ಮೆಯೂ ಬುದ್ಧಿಯೂ ಒಟ್ಟಿಗೆ ಮುಗಿದವು. ಅಳುತ್ತ ಅವಳು ಚೀಲದ ಬಾಯಿ ಅಗಲಿಸಿ ತನ್ನ ಎರಡೂ ಕಾಲು ಒಳಗಿಟ್ಟಳು. ಸೊಂಟದತನಕ ಎಳೆದುಕೊಂಡಳು. "ನಾನ ಒಳಗ ಹೋಗ್ತೇನಿ, ನೋಡ. ಏನಾಗತೈತಿ ನೋಡ ನನಗ. ಏನೂ ಆಗೂದಿಲ್ಲ. ಏನೂ..." ಸಮತೋಲ ತಪ್ಪಿ ಸೀಗೆಕಾಯಿಯ ಮೇಲೆ ದೊಪ್ಪನೆ ಬಿದ್ದಳು. ಎಬ್ಬಿಸಲೆಂದು ಹಜರಾಬಿ ಕೋಲು ಬಿಟ್ಟು ಬಗ್ಗಿ ಚೀಲದ ಅಂಚು ಹಿಡಿದಳು.

ಮಂಚದ ಕೆಳಗಿನಿಂದ ಗಂಗೂ ಬಾಣದಂತೆ ಬಂದಳು.

ಅವಳು ಬಾಗಿಲಿಗೆ ಓಡಲಿಲ್ಲ. ಹಜರಾಬಿಯ ಕೈಯನ್ನು ತನ್ನ ಎರಡೂ ಕೈಯಿಂದ ಹಿಡಿದಳು, ಬಿಡಿಸಲು ಜೋತುಬಿದ್ದಳು. ತಿಂಗಳೊಪ್ಪತ್ತು ಕಟ್ಟಿದ್ದ ದನಿ ಒಡೆದು ಹೊರಬಂತು.

"ಅವ್ವನ್ನ ಒಯ್ಯಬ್ಯಾಡ! ಒಯ್ಯಬ್ಯಾಡ! ನಾ ಉಣ್ತೇನಿ. ನಾ ಮಲಕೋತೇನಿ. ಅವ್ವನ್ನ ಬಿಡು. ನನ್ನ ಒಯ್ಯಿ. ನಾ ಬರ್ತೇನಿ, ನನ್ನ ಒಯ್ಯಿ!"

ಸಿದ್ದಕ್ಕ ಚೀಲದೊಳಗೆ ಬಿದ್ದಲ್ಲೇ ಬಾಯಿ ಮುಚ್ಚಿಕೊಂಡಳು. ನನ್ನ ಆಕೀಗೆ ಕೊಡ್ತಿ ಎಂದಿದ್ದ ಮಗಳು ಅದೇ ತಾಯಿಗಾಗಿ ತನ್ನನ್ನು ಕೊಡಲು ನಿಂತಿದ್ದಳು. ಅವಳಿಗೆ ಯಾರು ಕಲಿಸಿದ್ದರು ಅದನ್ನು? ತಾನಂತೂ ಅಲ್ಲ.

ಹಜರಾಬಿ ನಿಧಾನವಾಗಿ, ಮುರಿದ ಕಾಲನ್ನು ಮುಂದೆ ಚಾಚಿ, ನೆಲಕ್ಕೆ ಕೂತಳು. ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಯಾರನ್ನೂ ಒಯ್ಯೂದಿಲ್ಲ ಬೇಟಿ," ಎಂದಳು. ಮೆತ್ತಗಿನ, ಅವಳ ಸ್ವಂತದ ದನಿಯಲ್ಲಿ. "ಒಯ್ಯಾಕ ನನಗ ಎಲ್ಲಿ ಆಗತೈತಿ? ನೋಡಿಲ್ಲಿ, ಕಾಲ."

ಗಂಗೂ ನೋಡಿದಳು. ಊದಿದ ಪಾದ, ಒಂದು ಬದಿಗೆ ತಿರುಗಿಕೊಂಡ ಬೆರಳುಗಳು, ಮಾಸದ ಗಾಯದ ಕಪ್ಪು. ಬಹಳ ಹೊತ್ತು ನೋಡಿದಳು. ಹಿಡಿದ ಕೈ ಸಡಿಲವಾಗಲಿಲ್ಲ. ಬಿಟ್ಟರೆ ಅವ್ವನನ್ನು ಒಯ್ದಾಳೆಂಬ ಗುಮಾನಿ ಇನ್ನೂ ಇತ್ತು.

"ನೋಯತೈತೇನು?"

"ನೋಯತೈತಿ."

ಆಗಲೇ ಮಗ್ಗುಲ ಗೋಡೆಯಾಚೆ ಮಹಾದೇವಕ್ಕನ ಗಂಟಲು ಎದ್ದಿತು. "ಉಣ್ತೀಯೋ ಇಲ್ಲೋ ಶೇಖಪ್ಪಾ? ಕರೀಲೇನು ಹಜರಾಬಿನ್ನ? ಬಾಗಲದಾಗ ಅದಾಳ ನೋಡು!" ಹುಡುಗನ ಅಳು ಹೊಯ್ಯೋ ಎಂದು ಬಂತು.

ಹಜರಾಬಿ ತಲೆ ತಗ್ಗಿಸಿದಳು. ಸಿದ್ದಕ್ಕ ಚೀಲದಿಂದ ಕಾಲು ಬಿಡಿಸಿಕೊಳ್ಳಲು ಒದ್ದಾಡಿದಳು. ಈ ಸಲ ಆ ಮನೆಗೆ ನುಗ್ಗಿ ಏನು ಮಾಡುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಆದರೆ ಗಂಗೂ ಎದ್ದಾಗಿತ್ತು. ಒಂದು ಕೈಯಿಂದ ಹಜರಾಬಿಯ ಬೆರಳು ಹಿಡಿದುಕೊಂಡೇ, ಅದು ಎಟಕುವಷ್ಟು ದೂರ ಗೋಡೆಯ ಕಡೆ ಹೋದಳು. ಗೋಡೆಗೆ ಬಾಯಿ ಹಚ್ಚಿದಳು.

"ಅಂಜಬ್ಯಾಡೋ ಶೇಖಪ್ಪಾ," ಎಂದಳು. "ಆಕಿ ನಮ್ಮನ್ಯಾಗ ಅದಾಳ. ಆಕೀಗೆ ಕಾಲ ನೋಯತೈತಿ. ಅಳಾಕ ಹತ್ಯಾಳ."